ಹಳೆಯ ಆಸ್ಟ್ರೇಲಿಯನ್ ‘ಪೋರ್ಟ್’ ರುಚಿ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಮನೆ ಮಾಡಿದ ಮೇಲೆ ಊರಿನಿಂದ ಬಂದವರನ್ನು ವೈನಿಗೆ ಹೆಸರಾದ ಬರೋಸಾ ಕಣಿವೆಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸವಾಗಿಬಿಟ್ಟಿದೆ. ಇಲ್ಲಿಂದ ಸುಮಾರು 70 ಕಿಲೋಮೀಟರ್ ದೂರ. ಹೋಗುವಾಗ ಎಲ್ಲರೂ ಕಾಂಗರೂ ಎಲ್ಲಿ ಎಂದು ಕೇಳುತ್ತಾರೆ. ಬರುವಾಗ, ಕೊನೆಯಲ್ಲಿ ಪುಟ್ಟ ಲೋಟದಲ್ಲಿ ಕೊಟ್ಟ ಆ ಸಿಹಿ ಕೆಂಪು ವೈನಿನ ಬಗ್ಗೆ ಕೇಳುತ್ತಾರೆ. ಹಾಗೆ ಕಾರಿನಲ್ಲಿ, ಪತ್ರಗಳಲ್ಲಿ, ವಾಟ್ಸಾಪಿನಲ್ಲಿ ಬಂದ ಪ್ರಶ್ನೆಗಳನ್ನು ಕೇಳಿದವರ ಧಾಟಿಯಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ವೈನ್ ಮಾರುವವನೂ ಅಲ್ಲ, ಮಾಡುವವನೂ ಅಲ್ಲ. ಕುಡಿಯದವರಿಗೆ ಕುಡಿಯಿರಿ ಎಂದು ಹೇಳುವ ಉದ್ದೇಶವೂ ಇಲ್ಲ.

## ಮೊದಲ ಪರಿಚಯ

ಇದೂ ರೆಡ್ ವೈನೇ ತಾನೇ? ಮತ್ತೇಕೆ ಇಷ್ಟು ಸಿಹಿ, ಇಷ್ಟು ಘಾಟು?

ದ್ರಾಕ್ಷಿರಸ ಹುದುಗುವಾಗ ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಕೊನೆಯವರೆಗೆ ಬಿಟ್ಟರೆ ಸಕ್ಕರೆಯೆಲ್ಲ ಮುಗಿದು ಮಾಮೂಲಿ ರೆಡ್ ವೈನ್ ಆಗುತ್ತದೆ. ಇಲ್ಲಿ ಅರ್ಧ ದಾರಿಯಲ್ಲೇ ದ್ರಾಕ್ಷಿಯಿಂದ ಬಟ್ಟಿ ಇಳಿಸಿದ ಕಡು ಮದ್ಯಸಾರವನ್ನು ಸುರಿದುಬಿಡುತ್ತಾರೆ. ಯೀಸ್ಟ್ ಸಾಯುತ್ತದೆ, ಉಳಿದ ಸಕ್ಕರೆ ಹಾಗೆಯೇ ನಿಲ್ಲುತ್ತದೆ. ಸಿಹಿ ದ್ರಾಕ್ಷಿಯದ್ದು, ಘಾಟು ಸುರಿದ ಮದ್ಯಸಾರದ್ದು. ಮಾಮೂಲಿ ವೈನಿನಲ್ಲಿ ಮದ್ಯಸಾರ ನೂರಕ್ಕೆ 13–14ರಷ್ಟಿದ್ದರೆ ಇದರಲ್ಲಿ 18ರ ಆಸುಪಾಸು, ಕೆಲವದರಲ್ಲಿ ಅದಕ್ಕೂ ಹೆಚ್ಚು. ಇಂಥ ವೈನನ್ನು ‘ಫೋರ್ಟಿಫೈಡ್’ ಎನ್ನುತ್ತಾರೆ. ಆಸ್ಟ್ರೇಲಿಯದಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವ ದ್ರಾಕ್ಷಿಗಳು ಶಿರಾಜ್, ಗ್ರೆನಾಶ್ ಮತ್ತು ಮಟಾರೊ.

ಬಾಟಲಿಯ ಮೇಲೆ ‘ಪೋರ್ಟ್’ ಎಂದು ಎಲ್ಲೂ ಬರೆದೇ ಇಲ್ಲವಲ್ಲ, ಅಂಗಡಿಯವನು ಬೇರೆ ಏನನ್ನೋ ಕೊಟ್ಟನೇ?

ಇಲ್ಲ. ಪೋರ್ಟ್ ಎಂಬ ಹೆಸರು ಪೋರ್ಚುಗಲ್ಲಿನ ಡೌರೊ ಕಣಿವೆಯ ವೈನಿಗೆ ಸೇರಿದ್ದು. ನಮ್ಮ ಧಾರವಾಡ ಪೇಡಕ್ಕೆ ಭೌಗೋಳಿಕ ಗುರುತು ಇರುವ ಹಾಗೆ. ಆಸ್ಟ್ರೇಲಿಯದವರು ನೂರು ವರ್ಷಕ್ಕೂ ಮಿಗಿಲಾಗಿ ತಮ್ಮದನ್ನೂ ಪೋರ್ಟ್ ಎಂದೇ ಮಾರಿದರು. ಐರೋಪ್ಯ ಒಕ್ಕೂಟದೊಂದಿಗೆ ಮಾಡಿಕೊಂಡ ಒಪ್ಪಂದ 2010ರಲ್ಲಿ ಜಾರಿಗೆ ಬಂದ ಮೇಲೆ ಆ ಹೆಸರನ್ನು ಬಿಡಬೇಕಾಯಿತು. ಈಗ ಲೇಬಲ್ಲಿನ ಮೇಲೆ ‘ಟಾನಿ’, ‘ವಿಂಟೇಜ್’, ‘ರೂಬಿ’ ಎಂಬ ಮಾತುಗಳಿರುತ್ತವೆ. ಇದೇ ಜಾತಿಯ ಬೇರೆ ಫೋರ್ಟಿಫೈಡ್ ವೈನುಗಳ ಹೆಸರೂ ಬದಲಾಯಿತು: ಶೆರ್ರಿ ‘ಅಪೇರಾ’ ಆಯಿತು, ಟೊಕೇ ‘ಟೊಪಾಕ್’ ಆಯಿತು. ಹಳೆಯ ಬಾಟಲಿಗಳ ಮೇಲೆ ಪೋರ್ಟ್ ಎಂದೇ ಇರುತ್ತದೆ. ಇಲ್ಲಿನ ಹಿರಿಯರ ಬಾಯಲ್ಲೂ ಅದೇ ಉಳಿದಿದೆ. ಈ ಬರಹದಲ್ಲಿ ನಾನೂ ಅಲ್ಲಲ್ಲಿ ಹಾಗೆಯೇ ಕರೆದುಬಿಡುತ್ತೇನೆ.

ಗೋವಾಕ್ಕೆ ಹೋದಾಗ ಪೋರ್ಟ್ ವೈನ್ ಕುಡಿದಿದ್ದೇನೆ. ಅದೇ ತಾನೇ ಇದು?

ಹೆಸರೊಂದೇ. ನಮ್ಮಲ್ಲಿ ಆ ಹೆಸರಿನಿಂದ ಸಿಗುವುದರಲ್ಲಿ ಹೆಚ್ಚಿನವು ಎಳೆಯ, ಅಗ್ಗದ ಸಿಹಿ ವೈನುಗಳು. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತು ಬಂದವಲ್ಲ. ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡಿದ್ದಾದರೆ ಮೂಗಿಗೆ ಬೇಗ ಗೊತ್ತಾಗುತ್ತದೆ, ಏಕೆಂದರೆ ಆ ದ್ರಾಕ್ಷಿಯಲ್ಲಿ ಅಮೆರಿಕನ್ ತಳಿಯ ರಕ್ತವಿದ್ದು ಜ್ಯೂಸಿನಲ್ಲೂ ಜಾಮಿನಲ್ಲೂ ಮರೆಯಾಗದ ಒಂದು ವಾಸನೆ ಅದಕ್ಕಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಮತ್ತೆ ಈ ಪ್ರಶ್ನೆ ಕೇಳಿದ್ದಿಲ್ಲ.

ವೈನ್ ಹಳೆಯದಾದಷ್ಟೂ ಒಳ್ಳೆಯದು ಎನ್ನುತ್ತಾರಲ್ಲ. ನನ್ನ ಬಳಿ ಇರುವ ಬಾಟಲಿಯನ್ನು ಇನ್ನೂ ಇಪ್ಪತ್ತು ವರ್ಷ ಇಡಲೇ?

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಈ ವೈನ್ ಮಾಗುವುದಕ್ಕೆ ಎರಡು ಜಾಗಗಳಿವೆ: ಪೀಪಾಯಿ ಮತ್ತು ಬಾಟಲಿ. ಎರಡೂ ಬೇರೆ ಬೇರೆ ರೀತಿಯ ಮುಪ್ಪು.

ಟಾನಿ ಮಾಗುವುದು ಪೀಪಾಯಿಯಲ್ಲಿ. ಮರದ ಸಂದಿನಿಂದ ಗಾಳಿ ಒಳಗೆ ಸೋಸಿ ಬರುತ್ತದೆ, ವೈನ್ ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೊರಗೆ ಹೋಗುತ್ತದೆ. ಕೆಂಪು ಬಣ್ಣ ಇಳಿದು ಕಂದು ಏರುತ್ತದೆ, ಹಣ್ಣಿನ ರುಚಿ ಒಣಹಣ್ಣಿನದ್ದಾಗುತ್ತದೆ, ದ್ರವ ಗಟ್ಟಿಯಾಗುತ್ತದೆ. ಆಗಬೇಕಾದದ್ದೆಲ್ಲ ಆದ ಮೇಲೆಯೇ ಅದನ್ನು ಬಾಟಲಿಗೆ ಇಳಿಸುತ್ತಾರೆ. ಹೊಸ ಹುಣಸೆ ವರ್ಷ ಕಳೆದಂತೆ ಕಪ್ಪಾಗಿ ಹಳೆ ಹುಣಸೆಯಾಗುತ್ತದಲ್ಲ, ಆ ಬಗೆ. ಟಾನಿಯ ಬಾಟಲಿಯನ್ನು ನೀವು ಇಪ್ಪತ್ತು ವರ್ಷ ಇಟ್ಟರೆ ಅದು ಇಪ್ಪತ್ತು ವರ್ಷ ಹೆಚ್ಚು ಒಳ್ಳೆಯದಾಗುವುದಿಲ್ಲ, ನಿಧಾನವಾಗಿ ಸಪ್ಪೆಯಾಗುತ್ತದೆ.

ವಿಂಟೇಜ್ ಎಂಬುದು ಒಂದೇ ವರ್ಷದ ಕೊಯ್ಲಿನದು. ಸುಮಾರು ಎರಡು ವರ್ಷ ಪೀಪಾಯಿಯಲ್ಲಿದ್ದು, ಇನ್ನೂ ಕಡುಗಪ್ಪಾಗಿ, ಒಗರಾಗಿ ಇರುವಾಗಲೇ ಬಾಟಲಿ ಸೇರುತ್ತದೆ. ಆಮೇಲೆ ಗಾಳಿಯ ಸಂಪರ್ಕ ಇಲ್ಲವೆನ್ನುವಷ್ಟು ಕಡಿಮೆ. ಇದು ಬಾಟಲಿಯಲ್ಲೇ ಹತ್ತು, ಇಪ್ಪತ್ತು, ಒಳ್ಳೆಯ ವರ್ಷದ್ದಾದರೆ ನಲವತ್ತು ವರ್ಷ ಮಾಗುತ್ತದೆ.

ಆದ್ದರಿಂದ ಮೊದಲು ಲೇಬಲ್ ಓದಿ, ಆಮೇಲೆ ಬಿರಡೆ ನೋಡಿ. ಮೇಲೆ ಪ್ಲಾಸ್ಟಿಕ್ ಟೋಪಿಯಿದ್ದು ಕೈಯಲ್ಲೇ ಎಳೆದು ತೆಗೆಯುವಂತಿದ್ದರೆ ಅದು ಬಹುಮಟ್ಟಿಗೆ ಟಾನಿ, ಈ ವಾರವೇ ತೆರೆಯಬಹುದು. ಉದ್ದ ಕಾರ್ಕ್ ಇದ್ದು, ದೊಡ್ಡದಾಗಿ ವರ್ಷ ಬರೆದಿದ್ದರೆ ಕಾಯುವುದರಲ್ಲಿ ಅರ್ಥವಿದೆ.

ಎಷ್ಟು ಕುಡಿಯಬೇಕು? ನನಗೆ ಸಕ್ಕರೆ ಕಾಯಿಲೆ ಬೇರೆ ಇದೆ.

ಇಲ್ಲಿ ಸಾಮಾನ್ಯವಾಗಿ ಹಾಕುವುದು 60 ಮಿಲಿಲೀಟರ್. ನೂರಕ್ಕೆ 18ರ ಲೆಕ್ಕದಲ್ಲಿ ಅದರಲ್ಲಿ ಸುಮಾರು ಎಂಟೂವರೆ ಗ್ರಾಂ ಮದ್ಯಸಾರ ಇರುತ್ತದೆ. ನಮ್ಮೂರಿನ ಒಂದು ಸ್ಮಾಲ್ ವಿಸ್ಕಿಯಲ್ಲಿ ಹತ್ತು ಗ್ರಾಂ. ಸಿಹಿಯಿರುವುದರಿಂದ ಸಲೀಸಾಗಿ ಇಳಿಯುತ್ತದೆ, ಎರಡನೆಯ ಲೋಟವನ್ನೂ ಲೆಕ್ಕವಿಲ್ಲದೆ ಸುರಿದುಕೊಳ್ಳುವಂತೆ ಮಾಡುತ್ತದೆ. ಕಾರು ಓಡಿಸುವವರು ಇದನ್ನು ನೆನಪಿಡಬೇಕು.

ಸಕ್ಕರೆ ಲೀಟರಿಗೆ ನೂರು ಗ್ರಾಮಿನ ಆಸುಪಾಸು. ಬಹಳ ಹಳೆಯವುಗಳಲ್ಲಿ, ನೀರು ಆರಿ ಗಟ್ಟಿಯಾದವುಗಳಲ್ಲಿ ಅದರ ಎರಡರಷ್ಟಕ್ಕೂ ಮೇಲೆ. ಅಂದರೆ ಒಂದು ಪುಟ್ಟ ಲೋಟದಲ್ಲಿ ಒಂದೂವರೆ ಚಮಚದಿಂದ ಮೂರು ಚಮಚದವರೆಗೆ ಸಕ್ಕರೆ. ಮಧುಮೇಹ ಇರುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಮೂಸಿ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ, ಇದರ ಅರ್ಧ ಸುಖ ಅದರಲ್ಲೇ ಇದೆ.

ಸಸ್ಯಾಹಾರಿಗಳು ರುಚಿ ನೋಡಬಹುದೇ?

ಕೆಲವು ವೈನುಗಳನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್, ಜೆಲಟಿನ್ ಬಳಸುತ್ತಾರೆ. ಆಮೇಲೆ ಅದು ತಳ ಸೇರಿ ಹೊರಹೋಗುತ್ತದೆ. ಕಟ್ಟುನಿಟ್ಟಿನವರಾದರೆ ‘ವೀಗನ್’ ಎಂದು ಬರೆದಿರುವ ಬಾಟಲಿ ಕೊಳ್ಳಿ, ಇಲ್ಲವೇ ತಯಾರಕರನ್ನೇ ಕೇಳಿ. ಸೌಜನ್ಯದಿಂದ ಉತ್ತರಿಸುತ್ತಾರೆ.

## ಬಾಟಲಿ ತೆರೆಯುವ ಹೊತ್ತಿಗೆ

ರೆಡ್ ವೈನನ್ನು ಫ್ರಿಜ್ಜಿನಲ್ಲಿ ಇಡಬಾರದು ಎನ್ನುತ್ತಾರೆ. ಇದನ್ನೂ ಇಡಬಾರದೇ?

ಆ ನಿಯಮ ಹುಟ್ಟಿದ್ದು ಚಳಿದೇಶಗಳ ಮನೆಗಳಲ್ಲಿ. ರಾಯಚೂರಿನ ಬೇಸಿಗೆಯಲ್ಲಿ ‘ಕೋಣೆಯ ಉಷ್ಣತೆ’ಯಲ್ಲಿ ಕೊಟ್ಟರೆ ಮೂಗಿಗೆ ಸ್ಪಿರಿಟ್ ಒಂದೇ ಹೊಡೆಯುತ್ತದೆ. ಟಾನಿಗೆ 12ರಿಂದ 16 ಡಿಗ್ರಿ, ವಿಂಟೇಜಿಗೆ 16ರಿಂದ 18 ಡಿಗ್ರಿ ಹಿತ. ಬಾಟಲಿಯನ್ನು ಅರ್ಧ ಗಂಟೆ, ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಮಂಜಿನಷ್ಟು ತಣ್ಣಗೆ ಮಾಡಿದರೆ ವಾಸನೆ ಮುದುಡಿಕೊಳ್ಳುತ್ತದೆ. ಐಸ್ ಹಾಕುವವರೂ ಇದ್ದಾರೆ, ಅಗ್ಗದ ಟಾನಿಗೆ ನನ್ನ ಅಭ್ಯಂತರವಿಲ್ಲ.

ಅಂಥ ಪುಟ್ಟ ಗ್ಲಾಸು ನಮ್ಮ ಮನೆಯಲ್ಲಿಲ್ಲ.

ಬಾಯಿ ತುಸು ಕಿರಿದಾಗಿರುವ ಯಾವ ಗಾಜಿನ ಲೋಟವಾದರೂ ಸಾಕು. ಕಾಲುಭಾಗಕ್ಕಿಂತ ಹೆಚ್ಚು ತುಂಬಬೇಡಿ, ಮೇಲಿನ ಜಾಗ ವಾಸನೆಗೆ. ಸ್ಟೀಲಿನ ಲೋಟ ಮಾತ್ರ ಬೇಡ, ಬಣ್ಣ ಕಾಣುವುದಿಲ್ಲ.

ಅಪ್ಪನ ಕಾಲದ ಬಾಟಲಿ ತೆರೆಯಲು ಹೋದೆ, ಕಾರ್ಕ್ ಪುಡಿಪುಡಿಯಾಗಿ ಒಳಗೆ ಬಿತ್ತು. ಈಗ ಏನು ಮಾಡಲಿ?

ಕಳೆದ ಜುಲೈಯಲ್ಲಿ, ಅಂದರೆ ಇಲ್ಲಿನ ನಡುಚಳಿಗಾಲದಲ್ಲಿ, ನನಗೂ ಹೀಗೆಯೇ ಆಯಿತು. 1982ರ ವಿಂಟೇಜ್. ಎರಡು ದಿನ ಮುಂಚೆಯೇ ನೆಟ್ಟಗೆ ನಿಲ್ಲಿಸಿಟ್ಟಿದ್ದೆ, ಅಷ್ಟು ಬುದ್ಧಿ ಇತ್ತು. ಆದರೆ ತಿರುಪಿನ ಓಪನರ್ ಹಾಕಿ ಎಳೆದಾಗ ಕಾರ್ಕಿನ ಮೇಲಿನ ಅರ್ಧ ಒಣ ಬೆಂಡಿನಂತೆ ಮುರಿದು ಬಂತು. ಕೆಳಗಿನ ಅರ್ಧ ಒದ್ದೆಯಾಗಿ ಗಾಜಿಗೆ ಅಂಟಿಕೊಂಡಿತ್ತು. ಎರಡನೆಯ ಸಲ ತಿರುಪು ಇಳಿಸಿದ್ದೇ ಅದು ರಾಗಿ ಹಿಟ್ಟಿನ ಹಾಗೆ ಉದುರಿ ವೈನಿನ ಮೇಲೆ ತೇಲತೊಡಗಿತು.

ಗಾಬರಿ ಬೇಡ, ಕಾರ್ಕಿನ ಪುಡಿ ವೈನನ್ನು ಕೆಡಿಸುವುದಿಲ್ಲ. ಕಾಫಿ ಸೋಸುವ ತೆಳುಬಟ್ಟೆಯನ್ನು ಬಿಸಿನೀರಿನಲ್ಲಿ ಎರಡು ಸಲ ಹಿಂಡಿ, ಸೋಪಿನ ವಾಸನೆ ಇಲ್ಲವೆಂದು ಮೂಸಿ ನೋಡಿ, ಗಾಜಿನ ಹೂಜಿಯ ಬಾಯಿಗೆ ಕಟ್ಟಿದೆ. ಬಾಟಲಿಯ ಕತ್ತಿನ ಹಿಂದೆ ಮೊಬೈಲಿನ ಟಾರ್ಚ್ ಹಿಡಿಯಲು ಮಗಳನ್ನು ನಿಲ್ಲಿಸಿದೆ. ಹಿಂದೆಲ್ಲ ಮೇಣದಬತ್ತಿ ಹಿಡಿಯುತ್ತಿದ್ದರು. ಒಂದೇ ಸಮನೆ, ನಡುವೆ ನಿಲ್ಲಿಸದೆ ಬಗ್ಗಿಸಬೇಕು. ನಿಲ್ಲಿಸಿ ಮತ್ತೆ ಬಗ್ಗಿಸಿದರೆ ತಳದ ಗಷ್ಟು ಕದಡುತ್ತದೆ. ಮೊದಲು ಇಟ್ಟಿಗೆ ಬಣ್ಣದ ತಿಳಿ ಬಂತು, ತುಂಬಾ ಹೊತ್ತು ಬಂತು. ಆಮೇಲೆ ಬೆಳಕಿನಲ್ಲಿ ಹೊಗೆಯಂಥ ಒಂದು ಎಳೆ ಕತ್ತಿನ ಕಡೆಗೆ ಹರಿದು ಬರುವುದು ಕಾಣಿಸಿತು. ಅಲ್ಲಿಗೆ ನಿಲ್ಲಿಸಿದೆ. ಬಾಟಲಿಯಲ್ಲಿ ಉಳಿದದ್ದು ಎರಡು ಬೆರಳು.

ಮುಂದಿನ ಸಲಕ್ಕೆ: ತಿರುಪಿನ ಬದಲು ಎರಡು ತೆಳು ತಗಡುಗಳಿರುವ ಓಪನರ್ ಸಿಗುತ್ತದೆ. ಕಾರ್ಕಿಗೂ ಗಾಜಿಗೂ ನಡುವೆ ಅವನ್ನು ತೂರಿಸಿ, ತಿರುಗಿಸುತ್ತ ಮೇಲೆತ್ತಬೇಕು. ಮುದಿ ಕಾರ್ಕಿಗೆ ಅದೇ ಸರಿ. ಕಾದ ಚಿಮಟದಿಂದ ಬಾಟಲಿಯ ಕತ್ತನ್ನು ಹಿಡಿದು, ಒದ್ದೆ ಬಟ್ಟೆ ಒತ್ತಿ, ಗಾಜನ್ನೇ ಸೀಳುವ ಪದ್ಧತಿಯೂ ಇದೆ. ನೋಡಲು ಚೆಂದ. ಮನೆಯಲ್ಲಿ ಮಾಡಬೇಡಿ.

ತಳದಲ್ಲಿ ಕಪ್ಪು ಮಣ್ಣಿನಂಥದ್ದು ಇದೆ. ಕೆಟ್ಟುಹೋಗಿದೆಯೇ?

ವಿಂಟೇಜಿನಲ್ಲಿ ಅದು ಇರಲೇಬೇಕು. ಹೊಸತರಲ್ಲಿ ದ್ರಾಕ್ಷಿಸಿಪ್ಪೆಯ ಬಣ್ಣವೂ ಒಗರೂ ವೈನಿನಲ್ಲಿ ಕರಗಿರುತ್ತವೆ. ವರ್ಷಗಳು ಕಳೆದಂತೆ ಅವು ಒಂದಕ್ಕೊಂದು ಹೆಣೆದುಕೊಂಡು, ಭಾರವಾಗಿ ಕೆಳಗೆ ಕೂರುತ್ತವೆ. ಹಾಗಾಗಿಯೇ ಹಳೆಯ ವಿಂಟೇಜಿನ ಬಣ್ಣ ತೆಳುವಾಗಿ, ನಾಲಿಗೆಗೆ ನುಣುಪಾಗಿ ಇರುತ್ತದೆ, ಒರಟೆಲ್ಲ ತಳದಲ್ಲಿದೆ. ಕುಡಿದರೆ ಅಪಾಯವೇನಿಲ್ಲ, ಕಾಫಿಯ ಚರಟ ಬಾಯಿಗೆ ಸಿಕ್ಕಿದ ಹಾಗಾಗುತ್ತದೆ ಅಷ್ಟೆ. ಟಾನಿಯಲ್ಲಿ ಇಂಥದ್ದು ಸಾಮಾನ್ಯವಾಗಿ ಇರುವುದಿಲ್ಲ, ಅದನ್ನು ಸೋಸಿಯೇ ತುಂಬುತ್ತಾರೆ.

ತೆರೆದ ಮೇಲೆ ಎಷ್ಟು ದಿನ ಇಡಬಹುದು?

ಟಾನಿ ಗಾಳಿಯಲ್ಲೇ ಬೆಳೆದದ್ದು. ಬಿರಡೆ ಹಾಕಿ ತಂಪಾದ ಕಡೆ ಇಟ್ಟರೆ ಕೆಲವು ವಾರ ಏನೂ ಆಗುವುದಿಲ್ಲ. ಹಳೆಯ ವಿಂಟೇಜ್ ಹಾಗಲ್ಲ. ಮೂವತ್ತು ವರ್ಷ ಗಾಳಿ ಕಾಣದೆ ಇದ್ದದ್ದು ಒಂದೆರಡು ದಿನದಲ್ಲೇ ಸೊರಗುತ್ತದೆ. ಅದನ್ನು ತೆರೆಯುವ ದಿನ ನಾಲ್ಕು ಜನರನ್ನು ಊಟಕ್ಕೆ ಕರೆಯಿರಿ.

## ಕಣ್ಣು, ಮೂಗು, ನಾಲಿಗೆ

ಬಣ್ಣ ನೋಡಿ ವಯಸ್ಸು ಹೇಳುತ್ತಾರಂತೆ, ನಿಜವೇ?

ಸುಮಾರಾಗಿ ಹೇಳಬಹುದು. ಬಿಳಿ ಕಾಗದದ ಮೇಲೆ ಲೋಟವನ್ನು ಓರೆಯಾಗಿ ಹಿಡಿದು ನಡುವನ್ನೂ ಅಂಚನ್ನೂ ಬೇರೆ ಬೇರೆ ನೋಡಿ. ಎಳೆಯ ವಿಂಟೇಜಿನ ಅಂಚು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಹತ್ತಿಪ್ಪತ್ತು ವರ್ಷಕ್ಕೆ ಇಟ್ಟಿಗೆ ಕೆಂಪು, ಆಮೇಲೆ ಅಂಚು ಕಿತ್ತಳೆಗೆ ತಿರುಗುತ್ತದೆ. ಟಾನಿಯದು ಬೇರೆ ದಾರಿ: ಎಳೆಯದು ಕೆಂಪುಕಂದು, ಮುದಿಯಾದಂತೆ ತಿಳಿ ಡಿಕಾಕ್ಷನ್ನಿನ ಬಣ್ಣ, ತೀರಾ ಹಳೆಯದು ಗಟ್ಟಿ ಡಿಕಾಕ್ಷನ್. ಆ ಕೊನೆಯ ಹಂತದಲ್ಲಿ ಅಂಚಿನಲ್ಲಿ ಸಣ್ಣ ಹಸಿರು ಛಾಯೆ ಮೂಡುತ್ತದೆ. ಪೀಪಾಯಿಯಲ್ಲಿ ನಿಜವಾಗಿಯೂ ಬಹುಕಾಲ ಇದ್ದದ್ದರ ಗುರುತು ಅದು.

ಸಿಡಾರ್, ಬ್ಲ್ಯಾಕ್‌ಬೆರ್ರಿ, ಕ್ರಿಸ್ಮಸ್ ಪುಡಿಂಗ್ ಎಂದೆಲ್ಲ ಬರೆದಿರುತ್ತಾರೆ. ನನಗೆ ಅದರಲ್ಲಿ ಒಂದೂ ಸಿಗುತ್ತಿಲ್ಲ. ನನ್ನ ಮೂಗೇ ಸರಿಯಿಲ್ಲವೇ?

ನಿಮ್ಮ ಮೂಗು ಸರಿಯಾಗಿಯೇ ಇದೆ. ಬ್ಲ್ಯಾಕ್‌ಬೆರ್ರಿ ಪೊದೆಯ ಪಕ್ಕ ಬೆಳೆದವರು ಬರೆದ ಪಟ್ಟಿ ಅದು. ನಾವು ಬೆಳೆದದ್ದು ಬೇರೆ ವಾಸನೆಗಳ ನಡುವೆ, ಮತ್ತು ಈ ವೈನಿನ ಮಟ್ಟಿಗೆ ನಮ್ಮ ಅಡುಗೆಮನೆಯ ಮಾತುಗಳು ಅವರ ಮಾತುಗಳಿಗಿಂತ ಹತ್ತಿರ ಹೋಗುತ್ತವೆ ಎಂಬುದು ನನ್ನ ಅನುಭವ.

ಒಮ್ಮೆ ಅತ್ತೆಯವರು ಮಂಡ್ಯದಿಂದ ಬಂದಿದ್ದರು. ಕುಡಿಯುವವರಲ್ಲ. ಹಳೆಯ ಟಾನಿಯ ಲೋಟವನ್ನು ಸುಮ್ಮನೆ ಮೂಸಲು ಕೊಟ್ಟೆ. ಕಣ್ಣು ಮುಚ್ಚಿ ಒಂದು ಕ್ಷಣ ನಿಂತು, “ಆಲೆಮನೆಯಲ್ಲಿ ಕೊಪ್ಪರಿಗೆಯ ಅಂಚಿಗೆ ಹತ್ತಿಕೊಂಡ ಬೆಲ್ಲ” ಎಂದರು. ಮತ್ತೆ ಮೂಸಿ, “ಮೆಂತ್ಯ ಹುರಿದ ಹಾಗೂ ಇದೆಯಲ್ಲ” ಎಂದರು. ಎರಡನೆಯ ಮಾತಿಗೆ ನಾನು ಬೆಚ್ಚಿಬಿದ್ದೆ. ಮೆಂತ್ಯಕ್ಕೆ ಅದರ ವಾಸನೆ ಕೊಡುವ ರಾಸಾಯನಿಕದ ಹೆಸರು ಸೊಟೊಲಾನ್. ಪೀಪಾಯಿಯಲ್ಲಿ ಗಾಳಿಯೊಂದಿಗೆ ವರ್ಷಗಟ್ಟಲೆ ಕೂತ ಪೋರ್ಟಿನಲ್ಲಿ ಹುಟ್ಟಿ ಹೆಚ್ಚುತ್ತ ಹೋಗುವುದೂ ಅದೇ. ಪ್ರಯೋಗಾಲಯದವರು ಯಂತ್ರ ಇಟ್ಟು ಅಳೆಯುವುದನ್ನು ಅವರು ಒಗ್ಗರಣೆಯ ಅನುಭವದಿಂದ ಹಿಡಿದಿದ್ದರು.

ಇನ್ನೊಂದು ಮಾತು ‘ಕಮಟು’. ಹಳೆಯ ಕೊಬ್ಬರಿಯ, ಅಕ್ರೋಟಿನ ಕಮಟು. ಅಡುಗೆಯಲ್ಲಿ ಅದು ಬೈಗುಳ. ಹಳೆಯ ಟಾನಿಯಲ್ಲಿ ಸಣ್ಣದಾಗಿ ಇದ್ದರೆ ಹೊಗಳಿಕೆ. ಬಲ್ಲವರು ‘ರಾನ್ಸಿಯೊ’ ಎಂದು ಹುಡುಕುವುದು ಇದನ್ನೇ. ಅದಿಲ್ಲದಿದ್ದರೆ ಸಿಹಿ ಬರೀ ಸಿಹಿಯಾಗಿಯೇ ಉಳಿಯುತ್ತದೆ.

ವಿಂಟೇಜಿನಲ್ಲಿ ಹುಡುಕಬೇಕಾದದ್ದು ಬೇರೆ. ಶಿರಾಜಿನಿಂದ ಮಾಡಿದ್ದರಲ್ಲಿ ಕರಿಮೆಣಸು, ಜ್ಯೇಷ್ಠಮಧು, ಕೋಕೋ. ಮಾಗಿದಂತೆ ಒಣ ಅಂಜೂರ, ಹಳೆಯ ಚರ್ಮದ ಚೀಲ. ಒಂದು ಲೋಟದಲ್ಲಿ ಎರಡು ವಾಸನೆ ಸಿಕ್ಕಿದರೂ ಬರೆದಿಟ್ಟುಕೊಳ್ಳಿ. ಹತ್ತು ಹೆಸರು ಹೇಳುವವರಲ್ಲಿ ಆರು ಹೆಸರು ಊಹೆ.

ಬಾಯಿಗೆ ಹಾಕಿದರೆ ನನಗೆ ಸಿಹಿ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಹೇಗೆ ರುಚಿ ನೋಡಬೇಕು?

ಅರ್ಧ ಚಮಚದಷ್ಟು ಬಾಯಿಗೆ ತೆಗೆದುಕೊಂಡು, ನುಂಗುವ ಮೊದಲು ಐದು ಎಣಿಸಿ. ಸಿಹಿ ಮೊದಲೇ ಬಂದು ಕೂರುತ್ತದೆ, ಬರಲಿ. ಅದರ ಹಿಂದೆ ಹುಳಿ ಇದೆಯೇ ನೋಡಿ. ನಾಲಿಗೆಯ ಎರಡು ಬದಿಯಲ್ಲಿ ನೀರೂರಿದರೆ ಇದೆ. ಹುಳಿ ಇಲ್ಲದ ಸಿಹಿ ವೈನ್ ನಿಂಬೆ ಹಿಂಡದ ಪಾನಕ. ಆಮೇಲೆ ಒಗರು: ಒಸಡಿಗೆ ಎಳೆ ಬಾಳೆಕಾಯಿ ಹಿಡಿದ ಹಾಗೆ. ವಿಂಟೇಜಿನಲ್ಲಿ ಎದ್ದು ಕಾಣುತ್ತದೆ, ಹಳೆಯ ಟಾನಿಯಲ್ಲಿ ಬಹುಪಾಲು ಕರಗಿಹೋಗಿರುತ್ತದೆ. ಗಂಟಲಲ್ಲಿ ಬೆಚ್ಚಗಾದರೆ ಸರಿ, ಉರಿದರೆ ಮದ್ಯಸಾರ ಇನ್ನೂ ಬೆರೆತಿಲ್ಲ.

ಕೊನೆಗೆ, ನುಂಗಿದ ಮೇಲೆ ಗಡಿಯಾರ ನೋಡಿ. ಸಾಧಾರಣ ಟಾನಿಯ ರುಚಿ ಹತ್ತು ಸೆಕೆಂಡಿಗೆ ಹೋಗುತ್ತದೆ. ಒಳ್ಳೆಯದು ಒಂದು ನಿಮಿಷವಾದರೂ ಹೋಗುವುದಿಲ್ಲ. ನಾನು ಲೇಬಲ್ಲಿಗಿಂತ, ಬೆಲೆಗಿಂತ ಇದನ್ನು ನಂಬುತ್ತೇನೆ.

ನೈಲ್ ಪಾಲಿಶ್ ವಾಸನೆ ಬಂತು. ಇದೂ ವಯಸ್ಸಿನ ಗುಣವೇ?

ತುಸು ಇದ್ದರೆ ಹೌದು, ಹಳೆಯ ಪೀಪಾಯಿ ವೈನುಗಳಲ್ಲಿ ಅದು ವಾಸನೆಯನ್ನು ಮೇಲಕ್ಕೆತ್ತುತ್ತದೆ. ಅದೊಂದೇ ಮೂಗಿಗೆ ಹೊಡೆದರೆ, ಇಲ್ಲವೇ ವಿನೆಗರ್ ನೆನಪಾದರೆ ದೋಷ. ಒದ್ದೆ ರಟ್ಟಿನ, ಮಳೆಗಾಲದ ಗೋಣಿಚೀಲದ ಮುಗ್ಗಲು ಬಂದರೆ ಕಾರ್ಕಿನ ಸೋಂಕು. ಗಾಳಿಯಲ್ಲಿ ಇಟ್ಟರೂ ಹೋಗುವುದಿಲ್ಲ. ಹೊಸದಾಗಿ ಕೊಂಡದ್ದಾದರೆ ಅಂಗಡಿಗೆ ಹಿಂದಿರುಗಿಸಿ.

ಜೊತೆಗೆ ತಿನ್ನಲು ಏನು ಕೊಡಲಿ? ನೀಲಿ ಚೀಸ್ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ.

ಮುಟ್ಟದಿದ್ದರೆ ಬಿಡಲಿ, ಉಪ್ಪು ಹಾಕಿ ಹುರಿದ ಬಾದಾಮಿಯೋ ಅಕ್ರೋಟೋ ಸಾಕು. ಸಿಹಿಗೆ ಎದುರಾಗಿ ಉಪ್ಪು ಮತ್ತು ಜಿಡ್ಡು ಇರಬೇಕು, ಅಷ್ಟೆ. ಟಾನಿಗೆ ಧಾರವಾಡ ಪೇಡ ಬಹಳ ಚೆನ್ನಾಗಿ ಹೊಂದುತ್ತದೆ. ಎರಡರಲ್ಲೂ ಸಕ್ಕರೆ ಕಂದಾದ ರುಚಿಯಿದೆ. ವಿಂಟೇಜಿಗೆ ಕಡು ಚಾಕೊಲೇಟ್. ಮೈಸೂರು ಪಾಕಿನ ಜೊತೆ ಪ್ರಯತ್ನಿಸಿ ಸೋತಿದ್ದೇನೆ, ತುಪ್ಪ ನಾಲಿಗೆಗೆ ಪರದೆ ಎಳೆದುಬಿಟ್ಟಿತು. ಜಾಮೂನು ಬೇಡವೇ ಬೇಡ, ವೈನಿಗಿಂತ ತಿಂಡಿ ಸಿಹಿಯಾದರೆ ವೈನ್ ಹುಳಿಯಾಗಿ ಕಾಣುತ್ತದೆ.

## ಇನ್ನೂ ತಿಳಿಯಬೇಕೆನ್ನುವವರಿಗೆ

ನೂರು ವರ್ಷದ ವೈನನ್ನು ಪ್ರತಿವರ್ಷ ಮಾರುತ್ತಾರೆ ಎಂದು ಕೇಳಿದೆ. ಅದು ಹೇಗೆ ಸಾಧ್ಯ?

ಬರೋಸಾದ ಸೆಪ್ಪೆಲ್ಟ್ಸ್‌ಫೀಲ್ಡ್‌ನ ಕಥೆ ಅದು. ಪ್ರಷ್ಯದ ಸೈಲೀಷಿಯದಿಂದ ವಲಸೆ ಬಂದ ಜೋಸೆಫ್ ಸೆಪ್ಪೆಲ್ಟ್ 1851ರಲ್ಲಿ ಅದನ್ನು ಸ್ಥಾಪಿಸಿದ. ಮಗ ಬೆನ್ನೊ 1878ರಲ್ಲಿ ಹೊಸ ಉಗ್ರಾಣ ಕಟ್ಟಿಸಿ, ಆ ವರ್ಷದ ಅತ್ಯುತ್ತಮ ಪೋರ್ಟನ್ನು 500 ಲೀಟರಿನ ಒಂದು ಪೀಪಾಯಿಯಲ್ಲಿ ತುಂಬಿಟ್ಟು, ನೂರು ವರ್ಷ ಮುಟ್ಟಕೂಡದು ಎಂದ. ಆಮೇಲಿನ ಪ್ರತಿವರ್ಷವೂ ಹಾಗೆಯೇ ಇಡುತ್ತ ಬಂದರು. ಎರಡು ಮಹಾಯುದ್ಧ ಬಂತು. ಜರ್ಮನ್ ಹೆಸರಿನ ಅನೇಕ ಊರುಗಳಿಗೆ 1917ರ ಕಾಯ್ದೆಯಿಂದ ಬೇರೆ ಹೆಸರಿಟ್ಟರು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದ ಆಳುಗಳ ಕೈಗೆ ಖರ್ಜೂರದ ಸಸಿ ಕೊಟ್ಟು ರಸ್ತೆಯುದ್ದಕ್ಕೂ ನೆಡಿಸಿದರು. ಪೀಪಾಯಿಯ ಸಾಲು ಮಾತ್ರ ಮುರಿಯಲಿಲ್ಲ. 1978ರಲ್ಲಿ ಮೊದಲನೆಯದನ್ನು ತೆರೆದರು. ಅಲ್ಲಿಂದೀಚೆಗೆ ಪ್ರತಿವರ್ಷ ಒಂದು.

ವರ್ಷಕ್ಕೆ ನೂರಕ್ಕೆ ಎರಡರಷ್ಟು ಆವಿಯಾಗುತ್ತದೆ ಎಂದು ಹಿಡಿದು ಲೆಕ್ಕ ಹಾಕಿ ನೋಡಿ: 500 ಲೀಟರಿನಲ್ಲಿ ನೂರು ವರ್ಷಕ್ಕೆ ಉಳಿಯುವುದು 66 ಲೀಟರ್. ಹೀಗೆ ಕಡಿಮೆಯಾದಂತೆ ಚಿಕ್ಕ ಪೀಪಾಯಿಗೆ ಬದಲಿಸುತ್ತ ಹೋಗುತ್ತಾರೆ. ಒಣ ಹವೆಯಲ್ಲಿ ಮದ್ಯಸಾರಕ್ಕಿಂತ ನೀರು ಬೇಗ ಹಾರುವುದರಿಂದ ಸಿಹಿ, ಹುಳಿ, ಮದ್ಯಸಾರ ಮೂರೂ ಏರುತ್ತವೆ. ಮಾರುವುದು 100 ಮಿಲಿಲೀಟರಿನ ಪುಟ್ಟ ಬಾಟಲಿಯಲ್ಲೂ ಉಂಟು. ಬೆಲೆ ತೀರಾ ದುಬಾರಿ.

ಹುಟ್ಟಿದ ವರ್ಷದ ಪೀಪಾಯಿಯಿಂದ ರುಚಿ ನೋಡುವ ಅವಕಾಶವೂ ಅಲ್ಲಿದೆ. ನನ್ನದು 1979. ಅದರ ಪಕ್ಕದಲ್ಲೇ ನೂರು ವರ್ಷದ್ದನ್ನು ಒಂದು ಚಮಚದಷ್ಟು ಕೊಟ್ಟರು. ನನ್ನ ವರ್ಷದ್ದು ಲೋಟದಲ್ಲಿ ಅಲುಗಾಡಿತು. ನೂರರದ್ದು ಜೋನಿ ಬೆಲ್ಲದ ಹಾಗೆ ಗಾಜಿಗೆ ಅಂಟಿ, ಓರೆ ಮಾಡಿದಾಗ ಕಂದು ಪರದೆಯೊಂದನ್ನು ಹಿಂದೆ ಬಿಟ್ಟು ನಿಧಾನವಾಗಿ ಇಳಿಯಿತು. ನಾಲಿಗೆಗೆ ಮೊದಲು ಬಂದದ್ದು ಸಿಹಿಯಲ್ಲ, ಹುಳಿ. ಹಳೆ ಹುಣಸೆಯನ್ನು ಬೆಲ್ಲದಲ್ಲಿ ಕುದಿಸಿದ ಗೊಜ್ಜಿನಂಥದ್ದು. ಅಡಿಲೇಡ್ ಮುಟ್ಟುವವರೆಗೂ ಬಾಯಲ್ಲಿ ಅದೇ ಇತ್ತು. ಪ್ರಾಮಾಣಿಕವಾಗಿ ಹೇಳುವುದಾದರೆ ಕುಡಿಯಲು ನನಗೆ ಹೆಚ್ಚು ಹಿತವಾದದ್ದು 1979ರದ್ದೇ.

ಊಟದ ಜೊತೆ ಕುಡಿಯುವ ಮಾಮೂಲಿ ವೈನಿಗೆ ಹೆಸರಾದ ದೇಶದಲ್ಲಿ ಇಂಥ ಹಳೆಯ ದಾಸ್ತಾನು ಇಷ್ಟೊಂದು ಹೇಗೆ ಉಳಿಯಿತು?

ಆ ಹೆಸರು ಬಂದದ್ದು ಇತ್ತೀಚೆಗೆ. ಇಪ್ಪತ್ತನೆಯ ಶತಮಾನದ ಮೊದಲ ಆರು ದಶಕಗಳಲ್ಲಿ ಆಸ್ಟ್ರೇಲಿಯ ಮಾಡುತ್ತಿದ್ದುದರಲ್ಲಿ ಹೆಚ್ಚಿನದು ಫೋರ್ಟಿಫೈಡ್ ವೈನೇ. ಬಿಸಿಲಿಗೆ ದ್ರಾಕ್ಷಿ ಸಕ್ಕರೆ ತುಂಬಿಕೊಳ್ಳುತ್ತಿತ್ತು, ತಂಪು ಮಾಡುವ ಯಂತ್ರಗಳಿರಲಿಲ್ಲ, ಹಡಗಿನಲ್ಲಿ ಬ್ರಿಟನ್ ತಲುಪುವವರೆಗೆ ಕೆಡದೆ ಇರಬೇಕಿತ್ತು. 1924ರಲ್ಲಿ ಸರ್ಕಾರ ಇಂಥ ವೈನಿನ ರಫ್ತಿಗೆ ಪ್ರೋತ್ಸಾಹಧನವನ್ನೂ ಕೊಟ್ಟಿತು. 1960–70ರ ದಶಕಗಳಲ್ಲಿ ಜನರ ರುಚಿ ತಿರುಗಿತು, ಪೀಪಾಯಿಗಳು ಉಗ್ರಾಣದಲ್ಲೇ ಕೂತವು. ಇನ್ನೊಂದು ಕಾರಣ: ವಿಕ್ಟೋರಿಯದ ತೋಟಗಳನ್ನು ಹಾಳುಗೆಡವಿದ ಫಿಲಾಕ್ಸೆರಾ ಎಂಬ ಬೇರುಹೇನು ದಕ್ಷಿಣ ಆಸ್ಟ್ರೇಲಿಯಕ್ಕೆ ಬರಲಿಲ್ಲ. ಇಲ್ಲಿನ ಮುದಿ ಬಳ್ಳಿಗಳು ಹಾಗೆಯೇ ಉಳಿದವು.

ಪೋರ್ಚುಗಲ್ಲಿನ ವಿಂಟೇಜಿಗೂ ಇಲ್ಲಿನದಕ್ಕೂ ರುಚಿಯಲ್ಲಿ ವ್ಯತ್ಯಾಸವೇನು?

ಅಲ್ಲಿನದು ಸಾಮಾನ್ಯವಾಗಿ ಕಡಿಮೆ ಸಿಹಿ, ಹೆಚ್ಚು ಒಗರು. ಇಲ್ಲಿನ ಹಳೆಯ ಶೈಲಿ ಶಿರಾಜಿನದು: ಹೆಚ್ಚು ಸಿಹಿ, ದಪ್ಪ, ಚಾಕೊಲೇಟಿನ ಕಡೆಗೆ. ಸುರಿಯುವ ಸ್ಪಿರಿಟಿನಲ್ಲೂ ಅಂತರವಿದೆ. ಡೌರೊದಲ್ಲಿ ಬಳಸುವುದು ನೂರಕ್ಕೆ 77ರಷ್ಟು ಮದ್ಯಸಾರವಿರುವುದು. ಇಲ್ಲಿ ಹೆಚ್ಚಾಗಿ 96ರ ಆಸುಪಾಸಿನದು. ಹುದುಗಿ 6ಕ್ಕೆ ಬಂದ ರಸವನ್ನು 18ಕ್ಕೆ ಏರಿಸಬೇಕೆಂದರೆ, ನೂರು ಲೀಟರಿಗೆ ಅಲ್ಲಿನ ಸ್ಪಿರಿಟ್ 20 ಲೀಟರ್ ಬೇಕು, ಇಲ್ಲಿನದು 15 ಸಾಕು. ಅಷ್ಟು ಹೆಚ್ಚು ಸುರಿದಾಗ ಅದರ ಸ್ವಂತ ವಾಸನೆಯೂ ವೈನಿಗೆ ಸೇರುತ್ತದೆ. ಈಚೆಗೆ ಇಲ್ಲಿಯೂ ಟೂರಿಗಾ ಮುಂತಾದ ಪೋರ್ಚುಗೀಸ್ ತಳಿ ನೆಟ್ಟು, ಸಿಹಿ ತಗ್ಗಿಸಿ ಮಾಡುವವರಿದ್ದಾರೆ. ಲೇಬಲ್ ನೋಡದೆ ರುಚಿ ಹೇಳುವ ಕುರುಡು ಪರೀಕ್ಷೆಯಲ್ಲಿ ನಾನು ಎರಡು ಸಲ ಮೋಸಹೋಗಿದ್ದೇನೆ.

‘ಗ್ರ್ಯಾಂಡ್’, ‘ರೇರ್’ ಎನ್ನುವುದು ಬರೀ ಜಾಹೀರಾತಿನ ಮಾತೇ?

ಅಲ್ಲ. ಈ ಮೆಟ್ಟಿಲುಗಳು ಶುರುವಾದದ್ದು ಈಶಾನ್ಯ ವಿಕ್ಟೋರಿಯದ ರದರ್‌ಗ್ಲೆನ್‌ನ ಮಸ್ಕಟ್‌ ಎಂಬ ಸಿಹಿ ಫೋರ್ಟಿಫೈಡ್ ವೈನಿಗೆ, ತಯಾರಕರೇ ಕೂತು 1990ರ ದಶಕದಲ್ಲಿ ಮಾಡಿಕೊಂಡದ್ದು. ಬರೀ ರದರ್‌ಗ್ಲೆನ್ ಮಸ್ಕಟ್ ಎಂದರೆ ಸರಾಸರಿ 3–5 ವರ್ಷ, ಕ್ಲಾಸಿಕ್ 6–10, ಗ್ರ್ಯಾಂಡ್ 11–19, ರೇರ್ 20 ಮತ್ತು ಮೇಲೆ. ‘ಸರಾಸರಿ’ ಎಂಬ ಮಾತನ್ನು ಗಮನಿಸಿ: ಹಳೆಯದರ ಜೊತೆ ಎಳೆಯದನ್ನೂ ಬೆರೆಸಿರುತ್ತಾರೆ. ಅದು ಕಲಬೆರಕೆಯಲ್ಲ. ಬರೀ ಹಳೆಯದು ಒಮ್ಮೊಮ್ಮೆ ದಣಿದಿರುತ್ತದೆ, ಸ್ವಲ್ಪ ಎಳೆಯದು ಸೇರಿದರೆ ಜೀವ ಬರುತ್ತದೆ.

ಹರಾಜಿನಲ್ಲಿ 1970–80ರ ಬಾಟಲಿಗಳು ಅಗ್ಗಕ್ಕೆ ಸಿಗುತ್ತವೆ. ಕೊಳ್ಳಬಹುದೇ?

ಕೊಳ್ಳಬಹುದು. ಫ್ಯಾಷನ್ ಹೋದ ಕಾರಣ ವಯಸ್ಸಿಗೆ ಹೋಲಿಸಿದರೆ ಬೆಲೆ ಕಡಿಮೆಯೇ. ವೈನಿನ ಮಟ್ಟ ಬಾಟಲಿಯ ಕತ್ತಿನಲ್ಲಿರಬೇಕು, ಹೆಗಲಿನ ನಡುವಿಗೆ ಇಳಿದಿದ್ದರೆ ಬಿಡಿ. ಬಿರಡೆಯ ಸುತ್ತ ಅಂಟು ಒಸರಿದ ಗುರುತಿದ್ದರೂ ಬಿಡಿ. ಲೇಬಲ್ ಕೊಳೆಯಾಗಿದ್ದರೆ ಚಿಂತೆಯಿಲ್ಲ, ಅದು ತಂಪು ನೆಲಮಾಳಿಗೆಯ ಲಕ್ಷಣವೂ ಇರಬಹುದು. ನಾನು ಒಮ್ಮೆ ಲೇಬಲ್ಲಿನ ಅಂದಕ್ಕೆ ಮರುಳಾಗಿ ತಂದ ಬಾಟಲಿ ಯಾರದೋ ಬಿಸಿ ಗ್ಯಾರೇಜಿನಲ್ಲಿ ಬೆಂದಿತ್ತು.

ಊರಿಗೆ ತರಬಹುದೇ? ವಿಮಾನದಲ್ಲಿ ತೊಂದರೆಯಾಗುವುದಿಲ್ಲವೇ?

ಭಾರತಕ್ಕೆ ಬರುವ ಪ್ರಯಾಣಿಕರು ತಲಾ ಎರಡು ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದು. 750 ಮಿಲಿಲೀಟರಿನ ಎರಡು ಬಾಟಲಿ ಆರಾಮ. ಲಗೇಜಿನಲ್ಲಿ ಹಾಕಿ, ಕೈಚೀಲದಲ್ಲಿ ಬೇಡ. ಹಳೆಯ ವಿಂಟೇಜ್ ತಂದರೆ ಗಷ್ಟು ಪೂರಾ ಕದಡಿರುತ್ತದೆ. ಬಂದ ಮೇಲೆ ಎರಡು ಮೂರು ವಾರ ಅಲುಗಿಸದೆ ನೆಟ್ಟಗೆ ನಿಲ್ಲಿಸಿಡಿ. ತವರಿಗೆ ಒಯ್ಯುವ ಉಡುಗೊರೆಗೆ ಟಾನಿಯೇ ವಾಸಿ.

ನೀವು ಅಂಕ ಹೇಗೆ ಕೊಡುತ್ತೀರಿ?

ಇಲ್ಲಿನ ವೈನ್ ಸ್ಪರ್ಧೆಗಳ ಹಳೆಯ ಕ್ರಮ ಇಪ್ಪತ್ತು ಅಂಕದ್ದು: ಬಣ್ಣಕ್ಕೆ 3, ವಾಸನೆಗೆ 7, ಬಾಯಿಗೆ 10. ಚಿನ್ನಕ್ಕೆ 18.5 ಬೇಕು, ಬೆಳ್ಳಿಗೆ 17, ಕಂಚಿಗೆ 15.5. ಈಗ ಬಹಳ ಕಡೆ ನೂರರ ಲೆಕ್ಕ ಬಂದಿದೆ, ನನಗೆ ಹಳೆಯದೇ ಸಲೀಸು. ಯಾವುದರಲ್ಲಿ ಸೋತಿತು ಎಂದು ಕಣ್ಣಿಗೆ ಕಾಣುತ್ತದೆ. 15.5ಕ್ಕಿಂತ ಕೆಳಗೆ ಬಂದ ಬಾಟಲಿಗಳನ್ನು ಒಲೆಯ ಪಕ್ಕದ ಕಪಾಟಿನಲ್ಲಿ ಇಡುತ್ತೇನೆ. ಡಿಸೆಂಬರಿನಲ್ಲಿ ಕೇಕಿನ ಒಣದ್ರಾಕ್ಷಿಯನ್ನು ನೆನೆಹಾಕಲು ಹೆಂಡತಿ ಅಲ್ಲಿಂದಲೇ ತೆಗೆದುಕೊಳ್ಳುತ್ತಾಳೆ.